ಹದಿನಾಲ್ಕು ಸೆಕೆಂಡು

ನಾಪೋಕ್ಲು ಬಸ್‌ಸ್ಟ್ಯಾಂಡಿನೆದುರು, ಮೀನಂಗಡಿಯ ಮಹಡಿಯಲ್ಲಿ
ನನ್ನ ಸ್ಟುಡಿಯೋ. ಮದುವೆ, ಮುಂಜಿ, ಪಾಸ್‌ಪೋರ್ಟ್ ಅಳತೆಯ ಮುಖ.
ಮೊನ್ನೆ ಬೇತುವಿನ ಮದುವೆಯ ವೀಡಿಯೋ ಏರಿಸಿ ಮಲಗಿದ್ದೆ.
ಬೆಳಿಗ್ಗೆ ನೋಟೀಸು ಬಂದಿತ್ತು, ಬಹಳ ಮರ್ಯಾದೆಯ ಮಾತಿನಲ್ಲಿ:
ಆರನೇ ನಿಮಿಷದಿಂದ ಹದಿನಾಲ್ಕು ಸೆಕೆಂಡು
ನಿಮ್ಮದಲ್ಲ.

ಒತ್ತಿ ನೋಡಿದೆ.
ನೆಟ್ಟ ಬಾಳೆದಿಂಡಿನ ಮುಂದೆ ಸೋದರಮಾವ.
ಒಡಿಕತ್ತಿ ಮೇಲೆದ್ದಿತು, ಇಳಿಯಿತು,
ದಿಂಡು ಎರಡಾಯಿತು. ಸದ್ದಿಲ್ಲ.
ಹಿಂದೆ ಮೇದರ ಚಾತನ ಕೈ
ಚರ್ಮದ ಮೇಲೆ ಬೀಳುತ್ತದೆ, ಏಳುತ್ತದೆ,
ಆಚೆ ದಡದಲ್ಲಿ ಯಾರೋ ಬಟ್ಟೆ ಒಗೆದಂತೆ.
ಕೊಂಬಿನವನ ಕೆನ್ನೆ ಉಬ್ಬಿದೆ, ಸುಮ್ಮನೆ.
ಹದಿನೈದನೆಯ ಸೆಕೆಂಡಿಗೆ ಒಮ್ಮೆಲೇ ಗದ್ದಲ,
ಮಕ್ಕಳ ಅಳು, "ಹಂದಿಕರಿ ಮುಗಿದೇಹೋಯಿತಾ?" ಎಂದು ಒಬ್ಬ.
ಅದಕ್ಕೆ ಮಾತ್ರ ಯಾರ ತಕರಾರೂ ಇಲ್ಲ.

ಚಾತ ಬಂದ, ರೇಷನ್ ಕಾರ್ಡಿನ ಫೋಟೋಕ್ಕೆ.
ಬಿದಿರು ಸೀಳಿ ಸೀಳಿ ಗೆರೆಬಿದ್ದ ಬೆರಳು.
ತೋರಿಸಿದೆ. ಎರಡು ಸಲ ನೋಡಿದ.
"ಹೋದ ಮಳೆಗಾಲ ಕಕ್ಕಬ್ಬೆಯ ಹೋಮ್‌ಸ್ಟೇಗೆ ಕರೆಸಿದ್ದರು, ಹಂಸಾ.
ಎರಡು ಸಾವಿರ, ಮೇಲೆ ಊಟ.
ಕಾಗದಕ್ಕೆ ಹೆಬ್ಬೆಟ್ಟು ಸಾಕು ಅಂದರು. ನಾನು ಬಿಡಲಿಲ್ಲ,
ಸಹಿಯೇ ಹಾಕಿದೆ. ನಾಲ್ಕನೇ ಕ್ಲಾಸು ಪಾಸಾದವನಲ್ಲವಾ."
ಆಮೇಲೆ ತನ್ನ ಕೈಯನ್ನೇ ತಿರುವಿ ನೋಡಿಕೊಂಡ,
ಬಸ್ಸಿನಲ್ಲಿ ಯಾರದೋ ಚೀಲ ಎತ್ತಿಕೊಂಡು ಇಳಿದವನ ಹಾಗೆ.

ಆಕ್ಷೇಪಣೆಯ ಅರ್ಜಿ ತೆರೆದೆ. ಮೂಲ ಕರ್ತೃ ಯಾರು?
"ಅಪ್ಪ ಹೊಡೆಯುತ್ತಿದ್ದ," ಅಂದ ಚಾತ.
"ಚಂಡೆಗಲ್ಲ, ನನಗೆ. ಪೆಟ್ಟು ತಪ್ಪಿದಾಗೆಲ್ಲ."
ಖಾನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ನಾನೂ ಸಾಚಾ ಅಲ್ಲ, ಹೇಳಿಬಿಡುತ್ತೇನೆ.
ಸುಂಟಿಕೊಪ್ಪದ ಒಬ್ಬ ಹುಡುಗಿ, ಜಸಿಂತಾ ಅಂತ,
ನಾನು ತೆಗೆದ ಹೊಳೆಯನ್ನು ಕತ್ತರಿಸಿ, ಹಿಂದುಮುಂದಾಗಿಸಿ
ನೀರು ಬೆಟ್ಟ ಹತ್ತುವಂತೆ ಮಾಡಿದ್ದಳು.
ಅದರ ಮೇಲೆ ತನ್ನ ದನಿಯಲ್ಲಿ
ಎಸ್ಟೇಟಿನ ಹಳೆಯ ಹಾಜರಿ ಪುಸ್ತಕ ಓದಿದ್ದಳು:
ಹೆಸರು, ಅರ್ಧ ದಿನ. ಹೆಸರು, ಪೂರ್ತಿ. ಹೆಸರು, ಇಲ್ಲ.
ಹೊಳೆ ನನ್ನದು, ಇದು ನನಗೆ ಹೊಳೆದಿರಲಿಲ್ಲ.
ಹೊಟ್ಟೆ ಉರಿಯಿತು. ಅದೇ ಗುಂಡಿ ಒತ್ತಿದೆ.
ನಿಮ್ಮದಲ್ಲ.
ಮೂರನೇ ದಿನಕ್ಕೆ ಅಳಿಸಿಹೋಯಿತು.

ಬಲ್ಲಮಾವಟಿಯ ಮದುವೆಯಲ್ಲಿ ಚಾತ ಕಣ್ಣು ಮಿಟುಕಿಸಿದ:
"ಈಗ ಹುಡುಕಲಿ ನಿನ್ನ ಯಂತ್ರ."
ಮೂರನೇ ಪೆಟ್ಟು ನುಂಗಿದ, ಐದನೆಯದನ್ನು ಮುಂಚೆಯೇ ಕೊಟ್ಟ.
ಏರಿಸಿದೆ. ನೋಟೀಸಿಲ್ಲ, ಗುರುತೇ ಹತ್ತಲಿಲ್ಲ.
ಗೆದ್ದೆವು ಅಂದುಕೊಂಡು ಟೀ ತರಿಸಿದೆವು.

ಆದರೆ ಚಿತ್ರ ನಿಧಾನ ಮಾಡಿ ನೋಡಿ.
ಎತ್ತಿದ ಕತ್ತಿ ಗಾಳಿಯಲ್ಲಿ ತುಸು ತಡೆಯುತ್ತದೆ,
ಯಾವ ಪೆಟ್ಟಿಗೆ ಇಳಿಯಲಿ ಎಂದು.
ಒಂದೇ ಏಟಿಗೆ ಬೀಳಬೇಕಾದ ದಿಂಡು
ನಾರಿನಲ್ಲಿ ನೇತಾಡುತ್ತದೆ.
ಮುತ್ತು ಪೋಣಿಸಿಕೊಂಡ ಮುದುಕಿಯರು
ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.
ಚಾತ ಟೀ ಅರ್ಧಕ್ಕೇ ಬಿಟ್ಟ.

ರಾತ್ರಿ ಜಸಿಂತಾಳ ಮೇಲಿನ ದೂರು ಹಿಂತೆಗೆದೆ.
ಕಾರಣ ಕೇಳಿತು. ಪಟ್ಟಿಯಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ,
ಇದ್ದುದರಲ್ಲಿ ಒಂದನ್ನು ಒತ್ತಿದೆ.
ನಾಳೆಯೋ ನಾಡಿದ್ದೋ ಹೊಳೆ ಮತ್ತೆ ಬೆಟ್ಟ ಹತ್ತೀತು.

ಬೇತುವಿನವರು ಬಾಕಿ ಕೊಡಲು ಬಂದಾಗ ಕೇಳಿದರು:
ಇಲ್ಲಿ ಸದ್ದು ಯಾಕಿಲ್ಲ, ಹೇಗಿತ್ತು ಅದು?
ಮೇಜಿನ ಮೇಲೆ ಬೆರಳಲ್ಲಿ ತಟ್ಟಿ ತೋರಿಸಿದೆ.
ಒಂದು ಪೆಟ್ಟು ತಪ್ಪಿತು.
ಯಾರೂ ನನಗೆ ಹೊಡೆಯಲಿಲ್ಲ.